ದೊರೆ ತಿಂದೋರ ಮನೆ

ಅಂತರಸಂತೆಯ ಹತ್ತಿರದ ನಮ್ಮ ಊರಿನಲ್ಲಿ ನಮ್ಮ ಮನೆಗೆ ಒಂದು ಹೆಸರಿದೆ: ದೊರೆ ತಿಂದೋರ ಮನೆ. ಹೊಸ ಪೋಸ್ಟ್‌ಮ್ಯಾನ್‌ಗೆ ಗುರುತು ಹೇಳುವಾಗ, ಬಸ್ಸಿಳಿದ ನೆಂಟರಿಗೆ ದಾರಿ ತೋರಿಸುವಾಗ ಊರವರು ಯೋಚನೆಯೇ ಮಾಡದೆ ಆ ಹೆಸರನ್ನು ಹೇಳಿಬಿಡುತ್ತಾರೆ. ತಿನ್ನುವುದೆಂದರೆ ಇಲ್ಲಿ ಜೀವ ತೆಗೆಯುವುದು. ನನ್ನ ಮುತ್ತಜ್ಜ, ಅಂದರೆ ಅಪ್ಪನ ತಾತ, ಒಬ್ಬ ಬಿಳಿಯ ದೊರೆಯ ಹತ್ತಿರ ಆಳಾಗಿದ್ದ. ದೊರೆ ಕಾಡಿನ ಮರ ಕಡಿಸುವ ಕಂಟ್ರಾಕ್ಟು ಹಿಡಿದಿದ್ದ. ಒಂದು ಸಲ ಇಬ್ಬರೂ ಕಾಡಿಗೆ ಹೋದರು, ಊರಿಗೆ ಮರಳಿದ್ದು ಮುತ್ತಜ್ಜ ಒಬ್ಬನೇ. ಅದಾಗಿ ಒಂದೆರಡು ವರ್ಷಕ್ಕೆ ಹಳ್ಳದ ಪಕ್ಕದ ಮೂರು ಎಕರೆ ಹೊಲ ನಮ್ಮದಾಯಿತು. ಊರಿಗೆ ಇಷ್ಟು ಸಾಕಾಯಿತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಬೀದಿಯ ಹುಡುಗಿಯೊಬ್ಬಳು ಬಳಪದ ಜಗಳದಲ್ಲಿ, "ನಿಮ್ಮ ತಾತ ದೊರೇನ ಕೊಂದು ಕಾಡಲ್ಲಿ ಎಸ್ದು ಬಂದೋನು ಕಣೇ" ಎಂದಿದ್ದಳು. ಮನೆಗೆ ಬಂದು ಊಟದ ಹೊತ್ತಿನಲ್ಲಿ ಅದನ್ನೇ ಕೇಳಿದೆ. ಅಪ್ಪ ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು, ಕೈ ತೊಳೆದುಕೊಂಡು ಹೊರಗೆ ಹೋದರು. ಮತ್ತೆ ನಾನು ಕೇಳಲಿಲ್ಲ. ಅಪ್ಪ ಯಾರ ಜೊತೆಗೂ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಪಕ್ಕದ ಹೊಲದವರು ಬದುವನ್ನು ಒಂದು ಮೊಳ ಒಳಗೆ ಒತ್ತಿದರೂ ಸುಮ್ಮನಿರುತ್ತಿದ್ದರು. ಅದನ್ನು ಒಳ್ಳೆಯತನ ಎಂದು ನಾನು ತಿಳಿದಿದ್ದೆ. ಮಾತಿಗೆ ಮಾತು ಬೆಳೆದರೆ ಎದುರಿನವರು ಕೊನೆಗೆ ಯಾವ ಮಾತು ಎತ್ತುತ್ತಾರೆಂದು ಅವರಿಗೆ ಗೊತ್ತಿತ್ತು ಎನ್ನುವುದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ನಾನು ಮದುವೆಯಾಗಿ ಕೃಷ್ಣರಾಜನಗರಕ್ಕೆ ಬಂದೆ. ಅಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಲೇ ಕೆಲಸದ ವರ್ಷಗಳೆಲ್ಲ ಕಳೆದವು; ನಿವೃತ್ತಿಯಾಗಿ ಮೂರು ವರ್ಷವಾಯಿತು. ಈ ಊರಿನಲ್ಲಿ ಯಾರಿಗೂ ನಮ್ಮ ಮನೆಯ ಹೆಸರು ಗೊತ್ತಿಲ್ಲ. ನಾನಾಗಿ ಹೇಳಿಯೂ ಇಲ್ಲ.

ಕಳೆದ ವರ್ಷ ಅಣ್ಣನ ಮಗಳಿಗೆ ಪಿರಿಯಾಪಟ್ಟಣದ ಹತ್ತಿರದ ಕಂಪಲಾಪುರದಿಂದ ಒಂದು ಸಂಬಂಧ ಬಂತು. ಹುಡುಗ ಗೊಬ್ಬರದ ಅಂಗಡಿ ಇಟ್ಟಿದ್ದ. ಅವಳು ಹುಣಸೂರಿನಲ್ಲಿ ನರ್ಸ್. ಇಬ್ಬರಿಗೂ ಒಪ್ಪಿಗೆಯಾಗಿ, ಫೋನಿನಲ್ಲಿ ಮಾತಾಡಿಕೊಳ್ಳುವಷ್ಟು ಸಲಿಗೆಯೂ ಆಗಿತ್ತು. ಆಗ ಅವರ ಕಡೆಯಿಂದ ಸುದ್ದಿ ಬಂತು: ಹುಡುಗನ ಅಜ್ಜಿ ಬೇಡ ಅನ್ನುತ್ತಿದ್ದಾರೆ. ಯಾರೋ ಅವರ ಕಿವಿಗೆ ನಮ್ಮ ಮನೆಯ ಕಥೆ ಹಾಕಿದ್ದರು.

ಅಣ್ಣ ನನಗೆ ಫೋನು ಮಾಡಿದ. "ನೂರು ವರ್ಸದ್ ಮ್ಯಾಲಾಯ್ತು ಕಣಮ್ಮಿ. ಇನ್ನೂ ಬುಡ್ತಿಲ್ಲ ನೋಡು" ಎಂದ. ಅವನು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮಾರನೆಯ ದಿನವೇ ಊರಿಗೆ ಹೋದೆ. ಅಪ್ಪನಿಗೆ ಈಗ ಎಂಬತ್ತೆಂಟು. ಕಿವಿ ಸ್ವಲ್ಪ ಮಂದ, ಬುದ್ಧಿ ಚುರುಕು. ಜಗಲಿಯಲ್ಲಿ ಕೂತಿದ್ದವರ ಪಕ್ಕದಲ್ಲಿ ಕೂತು, ನಾಲ್ಕನೇ ಕ್ಲಾಸಿನಲ್ಲಿ ಕೇಳಿದ್ದನ್ನು ಮತ್ತೆ ಕೇಳಿದೆ. ಈ ಸಲ ಎದ್ದು ಹೋಗಲಿಲ್ಲ.

"ನಿಜ ಏನು ಅಂತ ನಂಗೂ ಗೊತ್ತಿಲ್ಲ ಕಣವ್ವ" ಎಂದರು. "ತಾತ ಏನೂ ಏಳ್ತಿರ್ನಿಲ್ಲ. ಕಾಲಾಡೋವರ್ಗೂ ವರ್ಸಕ್ಕೊಂದ್ ಸಲ, ಸುಗ್ಗಿ ಮುಗುದ್ ಮ್ಯಾಲೆ, ಉಣಸೂರ್ಗೆ ನಡ್ಕೊಂಡು ಓಗ್ಬರೋನು. ಪೋಲೀಸ್ ಟೇಸನ್ನಾಗೆ ರುಜು ಆಕಕ್ಕೆ ಓಯ್ತನೆ ಅಂತ ಊರೋರು ಅನ್ನೋರು. ನಮ್ಮಪ್ಪನೂ ಅಂಗೇ ಅನ್ಕಂಡಿದ್ದ."

"ನೀವೇನು ಅನ್ಕಂಡಿದ್ರಿ?"

ಅಪ್ಪ ಹೆಗಲ ಮೇಲಿನ ಟವೆಲನ್ನು ತೆಗೆದು ತೊಡೆಯ ಮೇಲೆ ಮಡಚಿಟ್ಟುಕೊಂಡರು. ಆಮೇಲೆ, "ನಾನೂ ಅಂಗೇ ಅನ್ಕಂಡಿವ್ನಿ" ಎಂದರು.

ಆ ಮಾತು ನನಗೆ ಬಹಳ ನಾಟಿತು. ಊರವರು ಆಡಿಕೊಂಡರು ಎಂದು ನಾವು ಮಕ್ಕಳು ನೊಂದುಕೊಂಡಿದ್ದೆವು, ಅಷ್ಟೆ. ಅಪ್ಪ ಮಾತ್ರ ಅದನ್ನು ನಿಜವೆಂದೇ ನಂಬಿ ಇಷ್ಟು ವರ್ಷ ಬದುಕಿದ್ದರು.

ನನಗೆ ಒಂದು ವಿಷಯ ಹೊಳೆಯಿತು. ಬಿಳಿಯ ದೊರೆ ಸತ್ತರೆ ಆ ಕಾಲದ ಸರ್ಕಾರ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟಿರಲಾರದು. ಎಲ್ಲೋ ಒಂದು ಕಡೆ ಬರೆದಿಟ್ಟಿರಲೇಬೇಕು. ಹುಣಸೂರಿನಲ್ಲಿ ಆಗ ಸಾಕಷ್ಟು ದೊರೆಗಳಿದ್ದರು, ಅವರಿಗೊಂದು ಸ್ಮಶಾನವೂ ಇತ್ತು. ಅಣ್ಣನ ಮಗಳನ್ನು ಜೊತೆಗೆ ಕರೆದುಕೊಂಡು ಅಲ್ಲಿಗೆ ಹೋದೆ. ಎಲ್ಲ ಕಡೆ ಲಂಟಾನದ ಪೊದೆ ಬೆಳೆದಿತ್ತು; ಸಮಾಧಿಗಳ ಅರ್ಧಕ್ಕರ್ಧ ಕಲ್ಲುಗಳೇ ಇರಲಿಲ್ಲ. ಉಳಿದ ಕಲ್ಲುಗಳ ಮೇಲೆ ಕೈಯಾಡಿಸಿ, ನೀರು ಹಾಕಿ ಓದಲು ನೋಡಿದೆವು. ನಮಗೆ ಬೇಕಾದ ಹೆಸರು ಸಿಗಲಿಲ್ಲ. ಬೇಕಾದ ಹೆಸರು ಯಾವುದು ಎನ್ನುವುದೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಊರವರ ಬಾಯಲ್ಲಿ ಆ ದೊರೆಯ ಹೆಸರು ಸವೆದು ಸವೆದು ಒಂದು ತರಕಾರಿಯ ಹೆಸರಿನ ಹಾಗಾಗಿತ್ತು. ಅದು ಮೊದಲು ಯಾವ ಇಂಗ್ಲಿಷ್ ಹೆಸರಾಗಿದ್ದಿರಬಹುದು ಎಂದು ಊಹಿಸಿ, ಐದು ಹೆಸರು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ.

"ಕಲ್ಲಿಲ್ದಿದ್ರೆ ಪುಸ್ತಕ ಇರ್ತದೆ ಅತ್ತೆ" ಎಂದಳು ಅಣ್ಣನ ಮಗಳು. "ನಮ್ಮ ವಾರ್ಡಿನಲ್ಲಿ ಯಾರಾದ್ರೂ ತೀರ್ಕೊಂಡ್ರೆ ಮೊದಲು ರಿಜಿಸ್ಟರ್ ಬರೀತೀವಿ. ಅವರೂ ಬರ್ದಿರ್ತಾರೆ."

ಅವಳು ಹೇಳಿದ್ದು ಸರಿಯಾಗಿತ್ತು. ವಿಚಾರಿಸುತ್ತಾ ಹೋದಾಗ ಒಂದು ಹಳೆಯ ಚರ್ಚಿನ ಪಾದ್ರಿಗಳ ಹತ್ತಿರ ಆ ಸ್ಮಶಾನದ ಸಮಾಧಿಯ ರಿಜಿಸ್ಟರುಗಳಿರುವುದು ಗೊತ್ತಾಯಿತು. ಪಾದ್ರಿಗಳು ಇನ್ನೂ ನಲವತ್ತು ದಾಟದವರು. ನಾನು ಯಾಕೆ ಬಂದಿದ್ದೇನೆಂದು ಕೇಳಿ ಅವರಿಗೆ ಆಶ್ಚರ್ಯವಾಯಿತು.

"ಹೊರದೇಶದಿಂದ ಬರೀತಾರೆ ಮೇಡಂ, ಅವರ ವಂಶದವರನ್ನ ಹುಡುಕಿಕೊಂಡು. ನಮ್ಮ ಸಭೆಯವರೂ ಕೇಳ್ತಾರೆ. ಸತ್ತವರು ನಿಮಗೇನಾಗಬೇಕು ಅಂತ ಬರೆದುಕೊಳ್ಳಲಿ?"

"ಏನೂ ಆಗಬೇಕಿಲ್ಲ ಫಾದರ್. ನಮ್ಮ ಮುತ್ತಜ್ಜ ಅವರನ್ನ ಕೊಂದ ಅಂತಾರೆ. ಅದು ನಿಜವೋ ಸುಳ್ಳೋ ನೋಡಬೇಕು."

ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಆಮೇಲೆ, ಭಾನುವಾರ ಆರಾಧನೆ ಮುಗಿದ ಮೇಲೆ ಬನ್ನಿ, ನನ್ನ ಎದುರಿಗೇ ಕೂತು ನೋಡಬೇಕು, ಫೋಟೋ ತೆಗೆಯುವ ಹಾಗಿಲ್ಲ, ಬೇಕಾದರೆ ಕೈಯಲ್ಲಿ ಬರೆದುಕೊಳ್ಳಿ ಎಂದರು.

ಭಾನುವಾರ ಕಬ್ಬಿಣದ ಬೀರುವಿನಿಂದ ತೆಗೆದ ಆ ಪುಸ್ತಕ ಉದ್ದನೆಯದಾಗಿತ್ತು. ರಟ್ಟಿಗೆ ಗೆದ್ದಲು ಹಿಡಿದು ಬಿಟ್ಟ ಗುರುತಿತ್ತು. ಒಂದೊಂದು ಸಾಲಿಗೆ ಒಬ್ಬರು. ಸತ್ತ ದಿನ, ಹೂಳಿದ ದಿನ, ಹೆಸರು, ವಯಸ್ಸು, ಉದ್ಯೋಗ, ಸಾವಿನ ಕಾರಣ, ಕೊನೆಗೆ ಪ್ರಾರ್ಥನೆ ಓದಿದವರ ಸಹಿ. ಸಾವಿನ ಕಾರಣಕ್ಕೇ ಒಂದು ಕಲಂ ಇತ್ತು. ಬೇಕೆಂದು ಬಂದದ್ದು ಅದೇ ಆದರೂ, ಅಷ್ಟು ಸಲೀಸಾಗಿ ಒಂದು ಕಲಮಿನಲ್ಲಿ ಸಿಗುತ್ತದೆಂದು ಎಣಿಸಿರಲಿಲ್ಲ.

ಹಳೆಯ ಕಾಲದ ಇಂಗ್ಲಿಷ್ ಕೂಡಕ್ಷರ. ಮೊದಲ ಎರಡು ಪುಟ ಓದಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಕಣ್ಣು ಒಗ್ಗಿಕೊಂಡಿತು. ಆ ಪುಸ್ತಕದಲ್ಲಿ ಹೆಚ್ಚಿನವರು ಮಕ್ಕಳು. ವಯಸ್ಸಿನ ಕಲಮಿನಲ್ಲಿ ಹನ್ನೊಂದು ದಿನ, ಮೂರು ತಿಂಗಳು, ಒಂದು ವರ್ಷ ಎಂದು ಬರೆದಿತ್ತು. ಒಂದೇ ಮನೆತನದ ಮೂರು ಮಕ್ಕಳು ಒಂದೇ ಮಳೆಗಾಲದಲ್ಲಿ ಹೋಗಿದ್ದವು. ಅವರ ಕೆಳಗಿನ ಸಾಲಿನಲ್ಲಿ ತಾಯಿ. ನಡುನಡುವೆ ನಮ್ಮವರೂ ಇದ್ದರು, ಒಬ್ಬ ಅಡುಗೆಯವನು, ಒಬ್ಬ ದಾದಿ. ದೊರೆಗಳೆಂದರೆ ಕುದುರೆ, ಬಂದೂಕು, ಟೊಪ್ಪಿ ಎಂದಷ್ಟೇ ನನ್ನ ಮನಸ್ಸಿನಲ್ಲಿತ್ತು. ಅವರ ಮಕ್ಕಳೂ ನಮ್ಮ ಜ್ವರದಲ್ಲೇ ಸಾಯುತ್ತಿದ್ದವು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ನಾನು ಬಂದ ಕೆಲಸ ಮರೆತು ಒಂದಷ್ಟು ಹೊತ್ತು ಅವರನ್ನೇ ಓದಿದೆ.

ಆಮೇಲೆ ಆ ಹೆಸರು ಸಿಕ್ಕಿತು. ನನ್ನ ಚೀಟಿಯ ಐದರಲ್ಲಿ ಎರಡನೆಯದು. ಬೆರಳಿಟ್ಟುಕೊಂಡು ಪಕ್ಕದ ಕಲಮಿಗೆ ಹೋದೆ. ಸಾವಿನ ಕಾರಣ: ಗುಂಡಿನ ಗಾಯ.

ಪಾದ್ರಿಗಳು ಏನಾದರೂ ಸಿಕ್ಕಿತೇ ಎಂದು ಕೇಳಿದರು. ಇಲ್ಲ ಎಂದೆ. ಯಾಕೆ ಸುಳ್ಳು ಹೇಳಿದೆನೋ ಗೊತ್ತಿಲ್ಲ. ಅಷ್ಟರಲ್ಲಾಗಲೇ ಆ ಸಾಲನ್ನು ಇದ್ದ ಹಾಗೆ ಚೀಟಿಯ ಹಿಂದೆ ಬರೆದುಕೊಂಡಿದ್ದೆ; ಪುಸ್ತಕ ಮುಚ್ಚಿ, ವಂದನೆ ಹೇಳಿ ಹೊರಟುಬಿಟ್ಟೆ. ಬಸ್ಸಿನಲ್ಲಿ ಬರುವಾಗ ಎಲ್ಲವೂ ಸರಿಹೊಂದುತ್ತಾ ಹೋಯಿತು: ಕಾಡು, ಬಂದೂಕು, ಒಬ್ಬನೇ ಮರಳಿದವನು, ಮೂರು ಎಕರೆ ಹೊಲ, ವರ್ಷಕ್ಕೊಮ್ಮೆ ಸ್ಟೇಷನ್. ಅಪ್ಪನಿಗೆ ಒಂದಿಷ್ಟು ಅನುಮಾನವಾದರೂ ಉಳಿದಿತ್ತು. ನಾನು ಹುಡುಕಲು ಹೋಗಿ ಅದನ್ನೂ ಕಳೆದೆನಲ್ಲ ಎನಿಸಿತು. ಒಂದು ವಾರ ಅಣ್ಣನ ಫೋನು ಎತ್ತಲಿಲ್ಲ. ಅಣ್ಣನ ಮಗಳಿಗೆ ಪುಸ್ತಕದಲ್ಲಿ ಏನೂ ಇಲ್ಲ ಎಂದು ಮೆಸೇಜು ಕಳಿಸಿದೆ.

ಒಂದು ವಾರವಾದ ಮೇಲೆ ತಡೆಯಲಾರದೆ ಊರಿಗೆ ಹೋದೆ. ಹೇಳುವ ಉದ್ದೇಶವಿರಲಿಲ್ಲ, ಅಪ್ಪನನ್ನು ನೋಡಬೇಕೆನಿಸಿತ್ತು, ಅಷ್ಟೆ. ಅಪ್ಪ ತಾವಾಗಿಯೇ ಆ ಮಾತು ತೆಗೆದರು. ನಾನು ಕೇಳಿದ ಮೇಲೆ ಅವರಿಗೂ ಒಂದೊಂದೇ ನೆನಪಾಗುತ್ತಿತ್ತು.

"ಆ ದೊರೇನ ಬಿಳೀ ಗಡ್ಡದ ದೊರೆ ಅನ್ನೋರು ಕಣವ್ವ. ಎದೆಗಂಟ ಗಡ್ಡ ಬುಟ್ಟಿದ್ನಂತೆ. ನಮ್ಮಜ್ಜಿ ಮದ್ವೆ ಆಗ್ ಬಂದಾಗ ಕಂಡಿದ್ಲಂತೆ. ಮುದುಕ ಅನ್ನೋಳು."

"ಮುದುಕನಾ?"

"ಮುದುಕನೇಯ. ಕಾಲುನೋವು ಅಂತ ಕೋಲು ಇಡ್ಕಂಡು ಓಡಾಡೋನಂತೆ."

ನಾನು ಒಳಗೆ ಹೋಗಿ ಬ್ಯಾಗಿನಿಂದ ಚೀಟಿ ತೆಗೆದು ನೋಡಿದೆ. ಸಾವಿನ ಕಾರಣ ಓದಿದ ಮೇಲೆ ಮಿಕ್ಕಿದ್ದನ್ನು ನಾನು ಸುಮ್ಮನೆ ಬರೆದುಕೊಂಡಿದ್ದೆ, ಓದಿರಲಿಲ್ಲ. ವಯಸ್ಸು ಇಪ್ಪತ್ತಮೂರು ಎಂದಿತ್ತು. ಉದ್ಯೋಗ ಸೈನಿಕ. ಇಷ್ಟು ವರ್ಷ ಮಕ್ಕಳಿಗೆ, ಪ್ರಶ್ನೆ ಪೂರ್ತಿ ಓದಿ ಆಮೇಲೆ ಉತ್ತರ ಬರೆಯಿರಿ ಎಂದು ಹೇಳಿದವಳು ನಾನು. ಅಡುಗೆಮನೆಯಲ್ಲಿ ನಿಂತು ಒಬ್ಬಳೇ ನಕ್ಕೆ.

ಮುಂದಿನ ಭಾನುವಾರ ಮತ್ತೆ ಪಾದ್ರಿಗಳ ಎದುರು ಕೂತೆ. ಮೊದಲು ಅವರ ಹತ್ತಿರ, ಹೋದ ಸಲ ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡು ನಡೆದದ್ದನ್ನು ಹೇಳಿದೆ. ಅವರು ನಕ್ಕು, ತಾವೂ ಒಂದು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. "ಈ ಸಲ ಇಬ್ಬರೂ ಓದೋಣ ಮೇಡಂ" ಎಂದರು. ನಾನು ಬಿಟ್ಟಿದ್ದ ಕಡೆಯಿಂದ ಮುಂದಕ್ಕೆ, ಒಂದು ಸಾಲನ್ನೂ ದಾಟದೆ ಓದಿದೆವು. ಹನ್ನೆರಡು ಪುಟಗಳಾದ ಮೇಲೆ ಪಾದ್ರಿಗಳ ಬೆರಳು ಒಂದು ಕಡೆ ನಿಂತಿತು.

ಚೀಟಿಯ ಐದರಲ್ಲಿ ನಾಲ್ಕನೆಯ ಹೆಸರು. ವಯಸ್ಸು ಅರವತ್ತೊಂದು. ಉದ್ಯೋಗ ಮರದ ಕಂಟ್ರಾಕ್ಟರ್. ಸಾವಿನ ಕಾರಣ: ಕಾಡುಜ್ವರ.

ಅಷ್ಟೇ ಅಲ್ಲದೆ ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಎರಡು ಸಾಲು ಬರೆದಿತ್ತು. ಜಾಗ ಸಾಲದೆ ಅಕ್ಷರಗಳು ಕೆಳಕ್ಕೆ ಬಾಗಿಕೊಂಡು ಹೋಗಿದ್ದವು. ಪಾದ್ರಿಗಳು ನಿಧಾನವಾಗಿ ಓದಿ ಹೇಳಿದರು. ನಮ್ಮ ಊರಿನ ಹತ್ತಿರದ ಕಾಡಿನ ಬಿಡಾರದಲ್ಲಿ ತೀರಿಕೊಂಡರು. ದೇಹವನ್ನು ಅವರ ಆಳು ಎತ್ತಿನ ಗಾಡಿಯಲ್ಲಿ ಎರಡು ದಿನದ ಹಾದಿ ನಡೆದು ತಂದನು, ಹೂಳುವವರೆಗೂ ಇದ್ದನು. ಹುಣಸೂರಿನಲ್ಲಿ ಆಗ ಪಾದ್ರಿ ಇಲ್ಲದ ಕಾರಣ ಪ್ರಾರ್ಥನೆಯನ್ನು ಡಾಕ್ಟರು ಓದಿದರು.

ನಮ್ಮ ಊರಿನ ಹೆಸರಿನಲ್ಲಿ ಎರಡು ಅಕ್ಷರ ತಪ್ಪಿದ್ದವು. ಆದರೂ ನಮ್ಮ ಊರೇ. ಬಾಯಿಬಿಟ್ಟು ಹೇಳಿ ನೋಡಿದರೆ ಬೇರೆ ಯಾವ ಊರೂ ಆಗುವ ಹಾಗಿರಲಿಲ್ಲ.

"ಆಳಿನ ಹೆಸರು ಬರೆದಿಲ್ಲವಲ್ಲ" ಎಂದೆ.

"ಆ ಕಾಲದಲ್ಲಿ ಕೆಲಸದವರ ಹೆಸರು ಬರೆಯೋ ಪದ್ಧತಿ ಇರಲಿಲ್ಲ ಮೇಡಂ. ಆದರೆ ಈ ಎರಡು ಸಾಲು ಬರೆಯೋ ಪದ್ಧತಿಯೂ ಇರಲಿಲ್ಲ. ಈ ಪುಸ್ತಕದಲ್ಲಿ ಬೇರೆ ಎಲ್ಲೂ ಇಲ್ಲ, ನೀವೇ ನೋಡಿದಿರಲ್ಲ. ಬರೆದವರಿಗೆ ಏನೋ ಅನ್ನಿಸಿರಬೇಕು."

ನಾನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ. ಕೊಂದವನು ಹೆಣವನ್ನು ಗಾಡಿಗೆ ಹಾಕಿಕೊಂಡು ಎರಡು ದಿನ ನಡೆದು, ಸತ್ತವನ ಜನರ ಎದುರಿಗೇ ಹೋಗಿ ನಿಲ್ಲುವುದಿಲ್ಲ. ಜ್ವರದಲ್ಲಿ ಸತ್ತವರನ್ನು ಮುಟ್ಟಲು ಮನೆಯವರೇ ಹೆದರುತ್ತಿದ್ದ ಕಾಲ ಅದು. ಮುತ್ತಜ್ಜನಿಗೆ ಆಗ ಇಪ್ಪತ್ತೈದೂ ತುಂಬಿರಲಿಕ್ಕಿಲ್ಲ. ಊರಿಗೆ ಅವನು ಒಬ್ಬನೇ ಮರಳಿದ್ದು ನಿಜ. ಊರಿನವರು ಅಷ್ಟನ್ನು ಮಾತ್ರ ಕಂಡಿದ್ದರು.

ಪಾದ್ರಿಗಳು ಆ ಸಾಲನ್ನು ಪೂರ್ತಿಯಾಗಿ ಒಂದು ಹಾಳೆಯ ಮೇಲೆ ಬರೆದು, ಇದು ಮೂಲದಂತೆ ಇದೆ ಎಂದು ರುಜು ಹಾಕಿ, ಚರ್ಚಿನ ಮೊಹರು ಒತ್ತಿ ಕೊಟ್ಟರು. ನಾನು ಬಸ್‌ಸ್ಟ್ಯಾಂಡಿನಲ್ಲೇ ಒಂದು ಟೀ ಕುಡಿದು ಅಣ್ಣನಿಗೆ ಫೋನು ಮಾಡಿದೆ. ಅವನು ಪೂರ್ತಿ ಕೇಳಿದ. ಆಮೇಲೆ, "ಅಪ್ಪನ್ಗೆ ನೀನೇ ಬಂದು ಏಳಮ್ಮಿ. ನಂಗಾಗಲ್ಲ" ಎಂದ.

ಅಪ್ಪನಿಗೆ ಹಾಳೆಯನ್ನು ಕನ್ನಡದಲ್ಲಿ ಎರಡು ಸಲ ಓದಿ ಹೇಳಿದೆ. ಮಂದ ಕಿವಿಗೆ ಕೇಳಲೆಂದು ಜೋರಾಗಿ ಓದಿದ್ದರಿಂದ ಪಕ್ಕದ ಮನೆಯವರಿಗೂ ಕೇಳಿಸಿತು. ಕೇಳಲಿ ಎಂದೇ ಇನ್ನೂ ಸ್ವಲ್ಪ ದನಿ ಏರಿಸಿದೆ. ಅಪ್ಪ ಹಾಳೆಯನ್ನು ಕೈಗೆ ತೆಗೆದುಕೊಂಡು ಮೊಹರಿನ ಮೇಲೆ ಬೆರಳಾಡಿಸಿದರು.

"ಅಂಗಾರೆ ಉಣಸೂರ್ಗೆ ಓಯ್ತಿದ್ದುದ್ದು ಟೇಸನ್ಗಲ್ಲ ಬುಡು" ಎಂದರು. "ಆ ದೊರೆ ಮಣ್ಣು ನೋಡ್ಕಂಡ್ ಬರಕ್ಕೆ."

ಅದು ಪುಸ್ತಕದಲ್ಲಿಲ್ಲ. ಹೊಲ ಹೇಗೆ ಬಂತು ಎನ್ನುವುದೂ ಇಲ್ಲ. ಅದು ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವುದೇ ಸರಿ ಎಂದು ನಂಬಿದವಳು ನಾನು. ಆದರೂ ಆ ದಿನ ಅಪ್ಪನ ಮಾತಿಗೆ ಹೂಂ ಎಂದೆ.

ಇನ್ನು ಕಂಪಲಾಪುರ. ಅಣ್ಣ ಮತ್ತು ನಾನು ಹೋದಾಗ ಅವರ ಮನೆಯ ಚಪ್ಪರದಲ್ಲಿ ಹೊಗೆಸೊಪ್ಪಿನ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಹುಡುಗನ ಅಜ್ಜಿಯೂ ಅವರ ನಡುವೆ ಕೂತು ಕಟ್ಟುತ್ತಿದ್ದರು. ನಮ್ಮನ್ನು ನೋಡಿ ಕೈಯ ಅಂಟು ಒರೆಸಿಕೊಂಡು, "ಬನ್ರವ್ವ, ಕೂತ್ಕಳಿ" ಎಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದ ಮಾತು ಶುರುಮಾಡಿದೆ: ನಮ್ಮ ಮುತ್ತಜ್ಜ ಕೊಲೆಗಾರನಲ್ಲ, ದೊರೆಗಳ ಕಾಲದ ಪುಸ್ತಕದಲ್ಲೇ ಇದೆ.

ಅಜ್ಜಿ ಅರ್ಧದಲ್ಲೇ ಕೈ ಎತ್ತಿದರು. "ನಾನು ಕೊಲೆ ಅಂತ ಬ್ಯಾಡ ಅಂದಿದ್ದಲ್ಲ ಕಣವ್ವ. ಆ ಕಾಲ್ದಲ್ಲಿ ಯಾರು ಯಾರ್ಗೆ ಏನು ಮಾಡುದ್ರೋ, ಯಾಕ್ ಮಾಡುದ್ರೋ, ಕಂಡೋರ್ಯಾರು? ಎಣಾನ ಕಾಡಲ್ಲೇ ಬುಟ್ಟು ಬಂದ್ರು ಅಂದ್ರು. ಅದ್ಕೇ ನಂಗೆ ಆಗ್ನಿಲ್ಲ. ಸತ್ತೋರ್ನ ಬುಟ್ಟು ಬರೋ ಮನೆ ಜೊತೆ ಎಂಗವ್ವ ಬೀಗತನ ಮಾಡದು?"

ಅಣ್ಣ ನನ್ನ ಕಡೆ ನೋಡಿದ. ನಾನು ಏನೂ ವಾದ ಮಾಡಬೇಕಾಗಲಿಲ್ಲ. ಹಾಳೆ ಬಿಚ್ಚಿ ಅಂಚಿನ ಆ ಎರಡು ಸಾಲುಗಳನ್ನು ಮಾತ್ರ ಓದಿ ಹೇಳಿದೆ. ಎತ್ತಿನ ಗಾಡಿ, ಎರಡು ದಿನ, ಹೂಳುವವರೆಗೂ ಇದ್ದನು. ಸೊಪ್ಪು ಕಟ್ಟುತ್ತಿದ್ದ ಹೆಂಗಸರೂ ಕೈ ನಿಲ್ಲಿಸಿ ಕೇಳಿದರು.

"ಇನ್ನೊಂದ್ಸಲ ಓದಿ" ಎಂದರು ಅಜ್ಜಿ.

ಓದಿದೆ. ಅವರು ನನ್ನ ಕಡೆಗೆ ಬಾಗಿ, "ಬ್ಯಾಸಗೆನೋ ಮಳೆಗಾಲನೋ ಬರ್ದವ್ರಾ?" ಎಂದು ಕೇಳಿದರು. ಹೂಳಿದ ದಿನ ನೋಡಿ, ಮಳೆಗಾಲ ಎಂದೆ.

"ಮಳೆಗಾಲ್ದಲ್ಲಿ ಆ ದಾರಿನಾ" ಎಂದರು. "ಗಾಡಿ ಚಕ್ರ ಊತ್ಕಂಡ್ರೆ ಒಬ್ನೇ ಎಂಗೆ ಎತ್ತುದ್ನೋ ಏನೋ." ಆಮೇಲೆ ಸೊಸೆಯನ್ನು ಕೂಗಿ, ನೆಂಟರಿಗೆ ಊಟಕ್ಕೆ ಎಲೆ ಹಾಕಲು ಹೇಳಿದರು. ಅಣ್ಣನ ಭುಜ ಒಂದು ಗೇಣು ಕೆಳಗಿಳಿದದ್ದನ್ನು ನಾನು ಕಣ್ಣಾರೆ ಕಂಡೆ. ಊಟಕ್ಕೆ ಕೂತಾಗ ಅವನು ಎರಡು ಸಲ ಸಾರು ಹಾಕಿಸಿಕೊಂಡ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಕೆಲಸ ಮುಗಿದ ಮೇಲೆ ಮದುವೆ ಎಂದು ಅಲ್ಲೇ ಮಾತಾಯಿತು.

ಮದುವೆಗೆ ಹದಿನೈದು ದಿನವಿರುವಾಗ ಅಪ್ಪ ಹುಣಸೂರಿಗೆ ಹೋಗಬೇಕೆಂದರು. ಅಣ್ಣ ಪರಿಚಯದವರ ಕಾರು ತಂದು ತಾನೇ ಓಡಿಸಿದ. ಸ್ಮಶಾನದಲ್ಲಿ ಆ ದೊರೆಯ ಗುರುತು ಯಾವುದೂ ಉಳಿದಿಲ್ಲ ಎಂದು ದಾರಿಯಲ್ಲೇ ಹೇಳಿದೆ. ಪರವಾಗಿಲ್ಲ ಎಂದರು. ಒಳಗೆ ಹೋಗಿ, ನನ್ನ ಕೈ ಹಿಡಿದುಕೊಂಡು ಸಾಲು ಸಾಲಾಗಿ ಎಲ್ಲ ಸಮಾಧಿಗಳನ್ನೂ ಒಂದು ಸುತ್ತು ನೋಡಿದರು. ಚಿಕ್ಕ ಚಿಕ್ಕ ಸಮಾಧಿಗಳ ಹತ್ತಿರ ನಿಂತು, ಇವೆಲ್ಲ ಮಕ್ಕಳವಾ ಎಂದು ಕೇಳಿದರು. ಹೌದು ಎಂದೆ. "ಪಾಪ" ಎಂದರು. ಕೈ ಮುಗಿದರೋ ಇಲ್ಲವೋ, ನಾನು ಆ ಕಡೆ ನೋಡಲಿಲ್ಲ. ಹೊರಗೆ ಬಂದು ಇಡ್ಲಿ ತಿನ್ನೋಣ ಎಂದರು. ಹೋಟೆಲಿನಲ್ಲಿ ನಾಲ್ಕು ಇಡ್ಲಿ ತಿಂದು, ಅಣ್ಣನಿಗೆ ಬದುವಿನ ವಿಷಯ ಹೇಳತೊಡಗಿದರು: ಮದುವೆ ಮುಗಿಯಲಿ, ಸರ್ವೆಯವರನ್ನು ಕರೆಸಿ ಅಳೆಸಬೇಕು, ಪಕ್ಕದ ಹೊಲದವರು ಒಂದು ಮೊಳ ಒತ್ತಿದ್ದಾರೆ.

ಅಣ್ಣ ಬಾಯಿಗೆ ಹೋಗುತ್ತಿದ್ದ ತುತ್ತನ್ನು ಹಾಗೇ ಹಿಡಿದು ಅವರ ಮುಖ ನೋಡಿದ. "ಆಯ್ತಪ್ಪ, ಕರೆಸೋಣ" ಎಂದ.

ವಾಪಸ್ಸು ಬರುವಾಗ ಹುಣಸೂರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಪ್ಪ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು. ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣಗೆ ಗೊರಕೆ. ಹೆಗ್ಗಡದೇವನಕೋಟೆಯ ದಾರಿಯ ಹಂಪುಗಳಲ್ಲಿ ಅಣ್ಣ ಕಾರನ್ನು ಬಹಳ ನಿಧಾನ ಮಾಡುತ್ತಿದ್ದ. ಹಿಂದಿನ ಲಾರಿಯವನು ಒಂದೇ ಸಮ ಹಾರ್ನ್ ಹೊಡೆದ. ಅಣ್ಣ ಕೈ ಹೊರಗೆ ಚಾಚಿ, ಮುಂದೆ ಹೋಗೆಂದು ಅವನಿಗೆ ದಾರಿ ಬಿಟ್ಟುಕೊಟ್ಟ.